ಲೆವೆಲ್ ಒಂಬತ್ತು, ಎಪ್ಪತ್ತೆಂಟು ಸುತ್ತು

ಮೈಸೂರು
ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟ,

‘ಎಫ್‌ಟಿಪಿ ಎಷ್ಟು ಬಂತು ಅಕ್ಕ?’ ಅಂತ ನೀನು ಮತ್ತೆ ಮತ್ತೆ ಮೆಸೇಜು ಹಾಕುತ್ತಿದ್ದೀಯ, ನಾನು ಹೆಬ್ಬೆರಳಿನ ಚಿತ್ರ ಕಳಿಸಿ ಜಾರಿಕೊಳ್ಳುತ್ತಿದ್ದೇನೆ. ಹೇಳೋಕೆ ನಾಚಿಕೆ ಅಂತ ತಿಳೀಬೇಡ. ನೀನು ಕೇಳುವ, ಒಂದು ಗಂಟೆ ಸತತವಾಗಿ ಹಿಡಿದಿಡಬಲ್ಲ ವ್ಯಾಟಿನ ಸಂಖ್ಯೆಗೂ ನನ್ನ ಹತ್ತಿರ ಇರುವ ಸಂಖ್ಯೆಗೂ ಹೊಂದಾಣಿಕೆಯೇ ಇಲ್ಲ. ಅದನ್ನು ಫೋನಿನಲ್ಲಿ ವಿವರಿಸೋಕೆ ಹೊರಟರೆ ಅರ್ಧಕ್ಕೇ ‘ಸರಿ ಬಿಡಕ್ಕ’ ಅಂದುಬಿಡುತ್ತೀಯ. ನಿನ್ನ ಭಾವ ಗಿಡ ತರೋದಕ್ಕೆ ನರ್ಸರಿಗೆ ಹೋಗಿದ್ದಾರೆ. ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚೋಕೆ ಮನಸ್ಸಿಲ್ಲ. ನಿನಗೆ ಕಾಗದ ಬರೆಯೋಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಕ್ಕದು.

ಮೊದಲಿಗೆ, ನೀನು ಬರೆದುಕೊಟ್ಟ ಎಂಟು ವಾರದ ಸೈಕಲ್ ಅಭ್ಯಾಸದ ಪಟ್ಟಿ ಚೆನ್ನಾಗಿದೆ. ಮಂಗಳವಾರ 10 ನಿಮಿಷದ ಮೂರು ತುಂಡು, ಎಫ್‌ಟಿಪಿಯ ಶೇ 88ರಿಂದ 94ರಲ್ಲಿ, ನಡುವೆ 5 ನಿಮಿಷ ಹಗುರ. ಗುರುವಾರ 3 ನಿಮಿಷದ ಐದು ತುಂಡು, ಶೇ 110ರಲ್ಲಿ. ಶನಿವಾರ ಒಂದು ಗಂಟೆ ನಿರಾಳ, ಶೇ 75 ದಾಟಬಾರದು. ಪಾಠಪಟ್ಟಿ ನೋಡಿ ಬದುಕುವವಳಿಗೆ ಇಂಥದ್ದು ಇಷ್ಟವೇ. ಆದರೆ ಇದನ್ನು ಬರೆಯುವಾಗ ನಿನ್ನ ಕಣ್ಣ ಮುಂದೆ ಇದ್ದದ್ದು ನಿನ್ನ ಕೋಣೆಯ ಮೂಲೆಯಲ್ಲಿ ಹಿಂದಿನ ಚಕ್ರ ಬಿಚ್ಚಿ ಟ್ರೇನರ್ ಯಂತ್ರಕ್ಕೆ ಕೂರಿಸಿರುವ ನಿನ್ನ ಸೈಕಲ್ಲು. ಅದರ ಸೀಟು ನಿನ್ನದು, ಪೆಡಲ್ ನಿನ್ನದು, ಎದುರಿಗಿನ ಫ್ಯಾನೂ ನಿನ್ನದು. ಪರದೆಯ ಮೇಲೆ ‘200 ವ್ಯಾಟ್’ ಅಂತ ಬಂದರೆ ಟ್ರೇನರ್ ತಾನೇ ಬಿಗಿ ಮಾಡಿಕೊಳ್ಳುತ್ತದೆ. ನೀನು ಸುಸ್ತಾಗಿ ಸುತ್ತು ಕಡಿಮೆ ಮಾಡಿದರೆ ಲೆಕ್ಕ ಸರಿದೂಗಿಸಲು ಇನ್ನಷ್ಟು ಬಿಗಿಯುತ್ತದೆ. ಒಟ್ಟಿನಲ್ಲಿ 200 ವ್ಯಾಟ್ ವಸೂಲಿ ಮಾಡದೆ ಅದು ಬಿಡುವುದಿಲ್ಲ.

ನಮ್ಮ ಕ್ಲಬ್‌ಹೌಸಿನ ಜಿಮ್ಮನ್ನು ನೀನು ನೋಡಿದ್ದೀಯ. ಎರಡು ಟ್ರೆಡ್‌ಮಿಲ್, ಅದರಲ್ಲಿ ಒಂದರ ಮೇಲೆ ‘ರಿಪೇರಿ’ ಅಂತ ಚೀಟಿ. ಡಂಬೆಲ್ ಸಾಲು. ಕಿಟಕಿ ಪಕ್ಕ ಒಂದೇ ಒಂದು ಸೈಕಲ್. ಸುಮಾರು ಅರವತ್ತು ಮನೆಗೆ ಅದೊಂದೇ. ಫ್ಯಾನು ಟ್ರೆಡ್‌ಮಿಲ್ ತಲೆಯ ಮೇಲೆ ತಿರುಗುತ್ತದೆ, ಸೈಕಲ್ಲಿಗೆ ಬರುವುದು ಕಿಟಕಿಯ ಗಾಳಿ ಮಾತ್ರ. ಹಂಚಿಕೊಂಡು ತುಳಿಯುವುದು ಮೈಸೂರಿನವರಿಗೆ ಹೊಸದಲ್ಲ ಬಿಡು, 2017ರಲ್ಲೇ ನಮ್ಮೂರಿಗೆ ಟ್ರಿನ್ ಟ್ರಿನ್ ಅನ್ನುವ ಸಾರ್ವಜನಿಕ ಬಾಡಿಗೆ ಸೈಕಲ್ ಬಂದಿತ್ತು. ಆದರೆ ಅದನ್ನು ತೆಗೆದುಕೊಂಡು ಹೋದವರು ವಾಪಸ್ ನಿಲ್ಲಿಸುವ ತನಕ ಅದು ಅವರದೇ. ಇಲ್ಲಿ ಹಾಗಲ್ಲ, ತುಳಿಯುತ್ತಿರುವಾಗಲೂ ಇದು ಎಲ್ಲರದ್ದು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ‘ಕಾಯುವವರಿದ್ದರೆ ಒಬ್ಬರಿಗೆ 30 ನಿಮಿಷ’ ಅಂತ ಬರೆದಿದೆ. ನಿನ್ನ ಮಂಗಳವಾರದ ಪಾಠ ವಾರ್ಮ್ ಅಪ್ ಸೇರಿ 55 ನಿಮಿಷ! ಕಾಯುವವರು ಬಾಗಿಲ ಹತ್ತಿರ ನಿಂತು ಗಡಿಯಾರ ನೋಡುವುದು ಬೆನ್ನಿಗೆ ಗೊತ್ತಾಗುತ್ತದೆ.

ಈಗ ಅಂಕಿಯ ವಿಷಯ. ನಮ್ಮ ಸೈಕಲ್ಲಿನ ಪರದೆಯಲ್ಲಿ ಲೆವೆಲ್ 1ರಿಂದ 16, ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಆರ್‌ಪಿಎಂ, ಸಮಯ, ದೂರ, ಕ್ಯಾಲರಿ, ಕೊನೆಗೆ ವ್ಯಾಟ್ ಕೂಡ ಬರುತ್ತದೆ. ಆ ವ್ಯಾಟನ್ನು ನಾನು ಮೊದಲ ದಿನವೇ ನಂಬಲಿಲ್ಲ. ಇಂಥ ಸೈಕಲ್ಲಿನ ಒಳಗೆ ಭಾರದ ಚಕ್ರ ಒಂದಿರುತ್ತದೆ, ಅದರ ಅಂಚಿಗೆ ಆಯಸ್ಕಾಂತ. ಲೆವೆಲ್ ಏರಿಸಿದರೆ ಪುಟ್ಟ ಮೋಟಾರು ಆಯಸ್ಕಾಂತವನ್ನು ಚಕ್ರಕ್ಕೆ ಹತ್ತಿರ ತರುತ್ತದೆ. ತಿರುಗುವ ಲೋಹದಲ್ಲಿ ಸುಳಿ ಪ್ರವಾಹ ಎದ್ದು ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ದ್ವಿತೀಯ ಪಿಯುಸಿ ಮಕ್ಕಳಿಗೆ ನಾನು ಪ್ರತಿವರ್ಷ ಹೇಳುವ ಪಾಠವೇ ಅದು, ಮುಟ್ಟದೆ ಹಿಡಿಯುವ ಬ್ರೇಕು. ಆದರೆ ನಾನು ಪೆಡಲನ್ನು ಎಷ್ಟು ಬಲದಿಂದ ಒತ್ತುತ್ತಿದ್ದೇನೆ ಅಂತ ಅಳೆಯುವ ಉಪಕರಣ ಆ ಸೈಕಲ್ಲಿನಲ್ಲಿ ಇಲ್ಲ. ‘ಈ ಲೆವೆಲ್, ಇಷ್ಟು ಸುತ್ತು, ಹಾಗಾದರೆ ಇಷ್ಟು ವ್ಯಾಟ್’ ಅಂತ ಕಾರ್ಖಾನೆಯಲ್ಲಿ ತುಂಬಿದ ಕೋಷ್ಟಕವನ್ನು ನೋಡಿ ಅದು ಹೇಳುತ್ತದೆ.

ಪ್ರಯೋಗಾಲಯದ ಹಳೇ ಸೈಕಲ್ಲುಗಳು ಈ ವಿಷಯದಲ್ಲಿ ಮರ್ಯಾದಸ್ಥರು. 1954ರಲ್ಲಿ ಸ್ವೀಡನ್ನಿನಲ್ಲಿ ಫಾನ್ ಡೋಬೆಲ್ನ್ ಅನ್ನುವವರು ಒಂದು ಸರಳ ಎರ್ಗೋಮೀಟರ್ ರೂಪಿಸಿದರು. ಚಕ್ರದ ಸುತ್ತ ಪಟ್ಟಿ, ಪಟ್ಟಿಯ ಎಳೆತವನ್ನು ತೋರಿಸುವ ಲೋಲಕ, ಅಷ್ಟೇ. ಮೊನಾರ್ಕ್ ಹೆಸರಿನಲ್ಲಿ ಜಗತ್ತಿನ ಲ್ಯಾಬುಗಳಿಗೆಲ್ಲ ಹೋದದ್ದು ಆ ವಂಶವೇ. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರದ ಅಂಚು 6 ಮೀಟರ್ ಸಾಗುತ್ತದೆ. ಪಟ್ಟಿಯಲ್ಲಿ 2 ಕೆಜಿ ಎಳೆತ ಇಟ್ಟು ನಿಮಿಷಕ್ಕೆ 60 ಸುತ್ತು ತುಳಿದರೆ ಸುಮಾರು 118 ವ್ಯಾಟ್. ಕಾಗದ ಪೆನ್ಸಿಲ್ಲಿನಲ್ಲಿ ಮುಗಿಯುವ ಲೆಕ್ಕ, ಅನುಮಾನ ಬಂದರೆ ತೂಕದ ಬಟ್ಟು ನೇತುಹಾಕಿ ಪರೀಕ್ಷಿಸಬಹುದು. ನಮ್ಮ ಕ್ಲಬ್‌ಹೌಸಿನದಕ್ಕೆ ಬಟ್ಟು ನೇತುಹಾಕಲು ಜಾಗವೇ ಇಲ್ಲ, ಎಲ್ಲ ಕಪ್ಪು ಪ್ಲಾಸ್ಟಿಕ್ಕಿನೊಳಗೆ.

ಹಾಗಾದರೆ ಪಟ್ಟಿ ಕಸದ ಬುಟ್ಟಿಗೆ ಅಂತೀಯಾ? ಇಲ್ಲ. ಇಲ್ಲೇ ನಿನ್ನ ಅಕ್ಕನ ಮೇಷ್ಟ್ರಿಕೆ ಕೆಲಸಕ್ಕೆ ಬಂದದ್ದು. ಅಂಗಡಿಯವನ ತಕ್ಕಡಿ ಕಿಲೋಗೆ ನೂರು ಗ್ರಾಂ ತಿಂದರೂ, ಪ್ರತಿಸಲವೂ ಅದೇ ಪ್ರಮಾಣದಲ್ಲಿ ತಿಂದರೆ, ಅರ್ಧ ಕೇಳಿದವನಿಗೆ ಕಿಲೋ ಕೇಳಿದವನಿಗೆ ಸಿಕ್ಕಿದ್ದರ ಸರಿಯಾದ ಅರ್ಧವೇ ಸಿಗುತ್ತದೆ. ನಿನ್ನ ಪಟ್ಟಿ ಇರುವುದು ಶೇಕಡಾದಲ್ಲಿ. ಯಂತ್ರ ಒಂದೇ ಪ್ರಮಾಣದಲ್ಲಿ ಸುಳ್ಳು ಹೇಳಿದರೆ ಮೇಲಿನ ಸಂಖ್ಯೆಯೂ ಕೆಳಗಿನ ಸಂಖ್ಯೆಯೂ ಒಟ್ಟಿಗೇ ಕೆಡುತ್ತವೆ, ಅನುಪಾತ ಉಳಿಯುತ್ತದೆ. ಹಾಗಾಗಿ ಅದೇ ಸೈಕಲ್ಲಿನ ಮೇಲೆ ಪರೀಕ್ಷೆ, ಅದೇ ಸೈಕಲ್ಲಿನ ಮೇಲೆ ಪಾಠ. 20 ನಿಮಿಷ ಉಸಿರು ಹಿಡಿಯುವಷ್ಟು ಗಟ್ಟಿಯಾಗಿ ಒಂದೇ ಸಮ ತುಳಿದು, ಸರಾಸರಿಯನ್ನು 0.95ರಿಂದ ಗುಣಿಸುವ ಅದೇ ಹಳೇ ಪರೀಕ್ಷೆ ಮಾಡಿದೆ. 30 ನಿಮಿಷದ ಕಾನೂನಿನೊಳಗೆ ಅದು ಹಿಡಿಸುತ್ತದೆ. ಹಂಟರ್ ಅಲನ್ ಮತ್ತು ಆಂಡ್ರ್ಯೂ ಕಾಗನ್ 2006ರ ಪುಸ್ತಕದಲ್ಲಿ ಇದನ್ನೆಲ್ಲ ಬರೆಯುವಾಗ ಅವರ ಮನಸ್ಸಿನಲ್ಲಿದ್ದದ್ದು ಬಲವನ್ನು ನಿಜವಾಗಿ ಅಳೆಯುವ ಪವರ್ ಮೀಟರ್. ನಮ್ಮ ಸೈಕಲ್ಲಿನ ಲೆಕ್ಕಕ್ಕೆ ಅವರು ಜವಾಬ್ದಾರರಲ್ಲ.

ಆ ಪರೀಕ್ಷೆಯಿಂದ ಬಂದ ವ್ಯಾಟನ್ನು ಪರದೆ ತೋರಿಸುವ ಲೆವೆಲ್ಲು, ಸುತ್ತೇ ನೀನು ಕೇಳುತ್ತಿರುವ ಉತ್ತರ: ಲೆವೆಲ್ 9, 78 ಸುತ್ತು. ಇದು ವಿಳಾಸ ಇದ್ದ ಹಾಗೆ ಪುಟ್ಟ, ಆ ಕಿಟಕಿ ಪಕ್ಕದ ಸೈಕಲ್ಲಿನಲ್ಲಿ ಮಾತ್ರ ನಾನು ಈ ವಿಳಾಸದಲ್ಲಿ ಸಿಗುತ್ತೇನೆ. ಪಕ್ಕದ ಬ್ಲಾಕಿನ ಜಿಮ್ಮಿನ ಲೆವೆಲ್ 9 ಬೇರೆ, ನಿನ್ನ ಟ್ರೇನರ್ ಬೇರೆ. ‘ನಿನ್ನದು ಎಷ್ಟು, ನನ್ನದು ಎಷ್ಟು’ ಅನ್ನುವ ಆಟಕ್ಕೆ ಇದು ಬರುವುದಿಲ್ಲ. ನಿನಗೆ ಬೇಜಾರಾಗಬಹುದು, ನನಗಂತೂ ನಿರಾಳ.

ನಡುವೆ ಒಂದು ಸಲ ಸರ್ವಿಸ್ ಮಾಡುವ ಹುಡುಗ ಬಂದು ಬೆಲ್ಟು ಬಿಗಿ ಮಾಡಿ ಹೋದ. ಮರುದಿನ ಲೆವೆಲ್ 7ರಲ್ಲೇ ತೊಡೆ ಉರಿಯತೊಡಗಿತು. ನನ್ನ ಕಾಲು ಒಂದೇ ರಾತ್ರಿಯಲ್ಲಿ ಸೊರಗಲು ಸಾಧ್ಯವಿಲ್ಲವಲ್ಲ! ಮತ್ತೆ ಪರೀಕ್ಷೆ ಮಾಡಿ ಹೊಸ ವಿಳಾಸ ಬರೆದುಕೊಂಡೆ. ಮೇಲಿನದು ಆ ಹೊಸ ವಿಳಾಸವೇ. ನಿನ್ನ ಪಟ್ಟಿಯಲ್ಲಿ ಪರೀಕ್ಷೆ ಎಂಟು ವಾರಕ್ಕೊಮ್ಮೆ ಅಂತಿದೆ. ಎಲ್ಲರ ಸೈಕಲ್ ತುಳಿಯುವವರು ಮೆಕ್ಯಾನಿಕ್ ಬಂದುಹೋದಾಗಲೆಲ್ಲ ಮಾಡಬೇಕು, ಅದನ್ನು ಸೇರಿಸಿಕೋ.

ಸುಸ್ತಾದ ದಿನ ಮಾತ್ರ ಆ ವಿಳಾಸವನ್ನೂ ನಾನು ನಂಬುವುದಿಲ್ಲ. ಆಗ ಬೋರ್ಗ್ ಅವರ ಮಾಪಕ ಹಿಡಿಯುತ್ತೇನೆ. ಗುನ್ನಾರ್ ಬೋರ್ಗ್ ಸ್ವೀಡನ್ನಿನ ಮನಶ್ಶಾಸ್ತ್ರಜ್ಞರು. ಶ್ರಮ ಎಷ್ಟಾಯಿತು ಅಂತ ಶ್ರಮಪಟ್ಟವರನ್ನೇ ಕೇಳಿ, 6ರಿಂದ 20ರವರೆಗೆ ಒಂದು ಅಂಕ ಕೊಡಿಸಿದರು. 6ರಿಂದ ಯಾಕೆ ಅಂದರೆ, ಆ ಅಂಕವನ್ನು 10ರಿಂದ ಗುಣಿಸಿದರೆ ಆರೋಗ್ಯವಂತ ತರುಣರ ನಾಡಿಬಡಿತ ಸರಿಸುಮಾರು ಬರಲಿ ಅಂತ. ಸುಮ್ಮನೆ ಕೂತವನಿಗೆ 60, ಜೀವ ಹೋಗುವಷ್ಟು ತುಳಿದವನಿಗೆ 200. ಐವತ್ತರ ಹತ್ತಿರ ಬಂದ ನನಗೆ ಆ ಗುಣಾಕಾರ ಹೊಂದುವುದಿಲ್ಲ, ಆದರೆ ಅಂಕ ಹೊಂದುತ್ತದೆ. ಶನಿವಾರದ್ದು 11, 12. ಮಂಗಳವಾರದ್ದು 14, 15. ಗುರುವಾರದ ಕೊನೆಯ ತುಂಡು 18.

ಅದಕ್ಕಿಂತ ಪಕ್ಕಾ ಅಳತೆಗೋಲು ನಮ್ಮ ಜಿಮ್ಮಿನಲ್ಲೇ ಇದೆ. ಎರಡನೇ ಮಹಡಿಯ ಆಂಟಿ ಬೆಳಗ್ಗೆ ಟ್ರೆಡ್‌ಮಿಲ್ ಮೇಲೆ ನಡೆಯುತ್ತ ನನ್ನನ್ನು ಮಾತಿಗೆಳೆಯುತ್ತಾರೆ. ‘ಮಗಳಿಗೆ ಎಲ್ಲಾದರೂ ನೋಡ್ತಿದ್ದೀರಾ?’ ಅವರ ಪ್ರಶ್ನೆಗೆ ನಾನು ಪೂರ್ತಿ ವಾಕ್ಯದಲ್ಲಿ, ಮಗಳ ಓದು ಎಲ್ಲಿಗೆ ಬಂತು ಅನ್ನುವುದನ್ನೂ ಸೇರಿಸಿ ಉತ್ತರಿಸಿದರೆ ಅದು ಶನಿವಾರದ ವೇಗ. ‘ಇನ್ನೂ ಓದ್ತಿದಾಳೆ ಆಂಟಿ’ ಅಂದು ಬಾಯಿ ಮುಚ್ಚಿದರೆ ಮಂಗಳವಾರ. ಬರೀ ತಲೆ ಆಡಿಸಿದರೆ ಗುರುವಾರ. ವ್ಯಾಯಾಮ ಶಾಸ್ತ್ರದವರೂ ಇದನ್ನು ಮಾತಿನ ಪರೀಕ್ಷೆ ಅಂತ ಒಪ್ಪಿಕೊಂಡಿದ್ದಾರೆ, ನಾನು ಕಟ್ಟಿದ್ದಲ್ಲ. ಆಂಟಿಗೆ ಮಾತ್ರ ಹೇಳಬೇಡ.

ನೀನು ಕೊಡಿಸಿದ ಎದೆಯ ಪಟ್ಟಿಯನ್ನೂ ಕಟ್ಟುತ್ತೇನೆ. ಹ್ಯಾಂಡಲ್ಲಿನ ಲೋಹದ ಹಿಡಿ ತೋರಿಸುವ ನಾಡಿಗಿಂತ ಅದು ಎಷ್ಟೋ ವಾಸಿ, ಬೆವರಿದ ಕೈಗೆ ಹಿಡಿ ಏನೇನೋ ತೋರಿಸುತ್ತದೆ. ಆದರೆ ನಾಡಿ ತಡವಾಗಿ ಏರುತ್ತದೆ. 3 ನಿಮಿಷದ ತುಂಡಿನಲ್ಲಿ ಅದು ಮೇಲೆ ಬರುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಅದನ್ನು ನೋಡಿಕೊಂಡು ತುಳಿದರೆ ಶುರುವಿನಲ್ಲೇ ವಿಪರೀತ ಒತ್ತಿ ಕೊನೆಯಲ್ಲಿ ಒಣಗಬೇಕಾಗುತ್ತದೆ. ಮತ್ತೆ ನಮ್ಮ ಕಿಟಕಿ ಪಕ್ಕ ಗಾಳಿ ಇಲ್ಲದ ದಿನ, ಅದೇ ಲೆವೆಲ್, ಅದೇ ಸುತ್ತು, ಅರ್ಧ ಗಂಟೆ ಆಗುವಷ್ಟರಲ್ಲಿ ನಾಡಿ ತಾನೇ ಮೇಲೇರಿ ಕೂತಿರುತ್ತದೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ, ಹೃದಯ ಅದೇ ಕೆಲಸಕ್ಕೆ ಹೆಚ್ಚು ಸಲ ಬಡಿಯಬೇಕಾಗುತ್ತದೆ. ರಸ್ತೆಯಲ್ಲಿ ಹೋಗುವಾಗ ಗಾಳಿ ಪುಕ್ಕಟೆ. ಇಲ್ಲಿ ನಾನು ಮನೆಯಿಂದ ಚಾರ್ಜಿನ ಪುಟ್ಟ ಫ್ಯಾನು ಒಯ್ದು ಕಿಟಕಿಕಟ್ಟೆಯ ಮೇಲಿಟ್ಟುಕೊಳ್ಳುತ್ತೇನೆ. ಅದನ್ನು ನೋಡಿ ನಗುವವರು ನಗಲಿ.

ಈಗ 30 ನಿಮಿಷದ ಕಾನೂನು. ಇದನ್ನು ನಾನು ಹೇಗೆ ದಾಟಿದೆ ಅಂತ ಹೇಳಲೇಬೇಕು, ಯಾಕೆಂದರೆ ಇದರಲ್ಲಿ ನನಗೆ ನಿಜವಾಗಿ ಖುಷಿ ಸಿಕ್ಕಿದೆ. ವಾರ್ಮ್ ಅಪ್ಪನ್ನು ಸೈಕಲ್ಲಿನಿಂದ ಕಿತ್ತುಹಾಕಿದೆ. ಕಾಂಪೌಂಡಿನ ಸುತ್ತ ಬಿರುಸಾಗಿ ನಡೆದು, ಮೆಟ್ಟಿಲು ಹತ್ತಿಳಿದು, ಮೈ ಬೆಚ್ಚಗಾದ ಮೇಲೆ ಜಿಮ್ಮಿನ ಬಾಗಿಲು ತೆಗೆಯುತ್ತೇನೆ. ಕೊನೆಯ ತಣಿಯುವ ನಡಿಗೆಯೂ ಹೊರಗೇ. ಸೈಕಲ್ಲಿನ ಮೇಲೆ ನಡೆಯುವುದು ಪಾಠದ ಮುಖ್ಯಭಾಗ ಮಾತ್ರ. ಮಂಗಳವಾರದ ಮೂರು ತುಂಡು ಎರಡಾಯಿತು, ನಡುವಿನ ವಿರಾಮ 3 ನಿಮಿಷಕ್ಕಿಳಿಯಿತು. ನೀನು ಬೈಯಬಹುದು. ಬಾರದ ಮೂರಕ್ಕಿಂತ ವಾರವಾರವೂ ಬರುವ ಎರಡು ಮೇಲು ಅಂತ ನನ್ನ ವಾದ.

ಗುರುವಾರದ್ದೇ ಸೊಗಸು. ಮೂರನೇ ಮಹಡಿಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಇದ್ದಾಳೆ, ನಿನ್ನ ವಯಸ್ಸಿನವಳು. ಅವಳಿಗೂ ಆರೂವರೆಯ ಹೊತ್ತೇ ಬೇಕು, ನನಗೂ ಅದೇ. ಕೆಲವು ದಿನ ಇಬ್ಬರೂ ‘ನೀವು ಮೊದಲು’, ‘ಇಲ್ಲ ಮೇಡಂ, ನೀವು’ ಅಂತ ಮರ್ಯಾದೆ ಮಾಡಿಕೊಂಡು ಹೊತ್ತು ಕಳೆದೆವು. ಆಮೇಲೆ ನಿನ್ನ ಪಟ್ಟಿಯನ್ನು ಅವಳಿಗೆ ತೋರಿಸಿದೆ: 3 ನಿಮಿಷ ಗಟ್ಟಿ, 3 ನಿಮಿಷ ಹಗುರ. ಅವಳು ನೋಡಿದ ತಕ್ಷಣ ‘ಮೇಡಂ, ನಿಮ್ಮ ಹಗುರದಲ್ಲಿ ನನ್ನ ಗಟ್ಟಿ ಹಿಡಿಸುತ್ತಲ್ಲ’ ಅಂದಳು. ಅರ್ಥವಾಯಿತಾ? ನಾನು 3 ನಿಮಿಷ ತುಳಿದು ಇಳಿಯುತ್ತೇನೆ, ಅವಳು ಹತ್ತುತ್ತಾಳೆ. ಅವಳು ತುಳಿಯುವಾಗ ನಾನು ಕನ್ನಡಿಯ ಮುಂದೆ ಅತ್ತಿತ್ತ ನಡೆಯುತ್ತೇನೆ, ನೀರು ಕುಡಿಯುತ್ತೇನೆ. ಐದು ಐದು ತುಂಡು, ಇಬ್ಬರದೂ ಅರ್ಧ ಗಂಟೆ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದು ಸೈಕಲ್ಲು, ಎರಡು ಪಾಠ, ಯಾರೂ ಕಾಯಲಿಲ್ಲ.

ಕಷ್ಟ ಇದ್ದದ್ದು ಸೀಟಿನದು. ಅವಳು ನನಗಿಂತ ಒಂದು ಗೇಣು ಎತ್ತರ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು, ಹಾಗಿದ್ದರೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಆ ಲೆಕ್ಕದಲ್ಲಿ ನನ್ನದು ನಾಲ್ಕನೇ ತೂತು, ಅವಳದು ಏಳನೆಯದು. ಸೀಟಿನ ಕಂಬಕ್ಕೆ ಎರಡು ಬಣ್ಣದ ಟೇಪು ಸುತ್ತಿದೆವು, ಹಸಿರು ನನ್ನದು, ಹಳದಿ ಅವಳದು. ಪಿನ್ನು ಎಳೆ, ಬಣ್ಣ ನೋಡು, ಬಿಡು. ಅಸೋಸಿಯೇಷನ್ನಿನ ಕಾರ್ಯದರ್ಶಿಗಳು ಬಂದು ‘ಇದೇನು ಟೇಪು?’ ಅಂತ ವಿಚಾರಿಸಿದರು. ವಿವರಿಸಿದೆವು. ಮಾರನೇ ವಾರ ಅವರದೇ ನೀಲಿ ಟೇಪು ಬಂತು.

ಇಬ್ಬರೂ ಇಳಿದು ಹತ್ತುವ ನಡುವೆ ಐದಾರು ಸೆಕೆಂಡು ಪೆಡಲ್ ನಿಂತರೆ ಪರದೆ ನಿದ್ದೆಗೆ ಜಾರಿ ಲೆವೆಲ್ 1ಕ್ಕೆ ಹೋಗುತ್ತದೆ, ಅದೊಂದು ಅದರ ಚಾಳಿ. ಹಾಗಾಗಿ ಇಳಿಯುವವರು ಕೈಯಿಂದ ಪೆಡಲನ್ನು ನಿಧಾನ ತಿರುಗಿಸುತ್ತ ನಿಲ್ಲಬೇಕು. ನೋಡಿದವರಿಗೆ ಏನೋ ಪೂಜೆ ಮಾಡುತ್ತಿದ್ದಾರೆ ಅನ್ನಿಸಬೇಕು. ಒರೆಸುವ ಬಟ್ಟೆ ಇಬ್ಬರದೂ ಬೇರೆ ಬೇರೆ. ಹ್ಯಾಂಡಲ್ಲು, ಸೀಟು, ಕೆಳಗಿನ ಬೋಲ್ಟಿನ ತನಕ ಒರೆಸುತ್ತೇನೆ, ಬೆವರಿನ ಉಪ್ಪಿಗೆ ತುಕ್ಕು ಹಿಡಿಯುವುದು ಅಲ್ಲಿಂದಲೇ.

ಕ್ಲಿಪ್ ಪೆಡಲುಗಳನ್ನು ಕಳಿಸುತ್ತೇನೆ, 15 ಮಿ.ಮೀ. ಸ್ಪ್ಯಾನರಿನಲ್ಲಿ ಎರಡೇ ನಿಮಿಷದಲ್ಲಿ ಬದಲಿಸಿಕೊಳ್ಳಬಹುದು ಅಂತ ನೀನು ಅಂದಿದ್ದೆ. ಬೇಡ ಕಣೋ. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆದರೆ ದಿನಾ ಬಿಚ್ಚಿ ಹಾಕುತ್ತಿದ್ದರೆ ಕ್ರ್ಯಾಂಕಿನ ತಿರುಪು ಸವೆಯುತ್ತದೆ. ಸವೆದ ಮೇಲೆ ಅದು ಅರವತ್ತು ಮನೆಯವರ ತಲೆನೋವು. ಸ್ವಂತದ್ದಾದರೆ ಕೆಡಿಸಿಕೊಳ್ಳುವ ಹಕ್ಕೂ ಸ್ವಂತದ್ದು.

ಪಟ್ಟಿಯಲ್ಲಿ ನಾನು ಪೂರ್ತಿ ಹೊಡೆದುಹಾಕಿದ್ದು ಐದನೇ ವಾರದ ಟಬಾಟಾ. ನಮ್ಮ ಜಿಮ್ಮಿನಲ್ಲಿ ಹುಡುಗರು ಬಸ್ಕಿ ಹೊಡೆಯುತ್ತ ಅದನ್ನು ಮಾಡುತ್ತಾರೆ. ಆದರೆ ಇಝುಮಿ ಟಬಾಟಾ 1996ರಲ್ಲಿ ಪ್ರಕಟಿಸಿದ ಪ್ರಯೋಗ ನಡೆದದ್ದು ಬ್ರೇಕು ಕಟ್ಟಿದ ಎರ್ಗೋಮೀಟರ್ ಸೈಕಲ್ಲಿನ ಮೇಲೆಯೇ. ಮೈ ಹೀರಬಲ್ಲ ಗರಿಷ್ಠ ಆಮ್ಲಜನಕಕ್ಕೆ ತಕ್ಕ ಕೆಲಸದ ಶೇ 170ರಷ್ಟು, 20 ಸೆಕೆಂಡು ತುಳಿ, 10 ಸೆಕೆಂಡು ಬಿಡು, ಏಳೆಂಟು ಸಲ. ಕೊನೆಗೆ ತುಳಿಯಲಾಗದೆ ನಿಲ್ಲಬೇಕು, ಅದು ಪ್ರಯೋಗದ ನಿಯಮ. ನಮ್ಮ ಸೈಕಲ್ಲಿನಲ್ಲಿ ಲೆವೆಲ್ 3ರಿಂದ 13ಕ್ಕೆ ಹೋಗಲು ಹತ್ತು ಸಲ ಬಟನ್ ಒತ್ತಬೇಕು, ಒತ್ತಿದ ಮೇಲೆ ಮೋಟಾರು ಆಯಸ್ಕಾಂತವನ್ನು ಎಳೆದು ತರಬೇಕು. ಅಷ್ಟರಲ್ಲಿ 20 ಸೆಕೆಂಡು ಮುಗಿದೇ ಹೋಗಿರುತ್ತದೆ. ಚಿಕ್ಕ ತುಂಡಿಗೆ ಈ ಜಾತಿಯ ಸೈಕಲ್ಲಿನಲ್ಲಿ ಒಂದೇ ದಾರಿ, ಲೆವೆಲ್ ಮುಟ್ಟದೆ ಸುತ್ತು ಏರಿಸುವುದು. ಆಯಸ್ಕಾಂತದ ಬ್ರೇಕಿನಲ್ಲಿ ವೇಗ ಹೆಚ್ಚಿದಂತೆ ಎಳೆತವೂ ಹೆಚ್ಚುತ್ತದೆ, ಸುತ್ತು ಶೇ 10 ಏರಿಸಿದರೆ ಕೆಲಸ ಶೇ 10ಕ್ಕಿಂತ ಜಾಸ್ತಿಯೇ ಏರುತ್ತದೆ. ಹಾಗಾಗಿ ಒಂದು ನಿಮಿಷದ ತುಂಡುಗಳನ್ನು ನಾನು ಲೆವೆಲ್ 9ರಲ್ಲೇ 90ರ ಆಚೆ ಸುತ್ತಿ ಮುಗಿಸುತ್ತೇನೆ. ಶೇ 170 ಮಾತ್ರ ಮನೆಯಲ್ಲಿ ಸಂಸಾರ ಇರುವವರಿಗಲ್ಲ.

ಇಲ್ಲಿ ನಿನಗೊಂದು ಮಾತು ಹೇಳಬೇಕು, ಸಿಟ್ಟಾಗಬೇಡ. ನಿನ್ನ ಯಂತ್ರದ ಮೇಲೆ ಶ್ರಮದ ತೀರ್ಮಾನ ನಿನ್ನದಲ್ಲ. ಪರದೆ ಹೇಳಿತು, ಬಿಗಿಯಾಯಿತು, ನೀನು ತುಳಿದೆ. ಕಳೆದ ಸಲ ಬಂದಿದ್ದಾಗ ರಿಂಗ್ ರೋಡಿನಲ್ಲಿ ಗಾಳಿಗೆದುರು ಹೋಗುವಾಗ ನೀನು ನಿಮಿಷಕ್ಕೊಮ್ಮೆ ಹ್ಯಾಂಡಲ್ಲಿನ ಕಂಪ್ಯೂಟರ್ ನೋಡುತ್ತಿದ್ದೆ, ನೆನಪಿದೆಯಾ? ನನ್ನ ಸೈಕಲ್ಲು ನನ್ನನ್ನು ಹಿಡಿದಿಡುವುದಿಲ್ಲ. ಸುಸ್ತಾದರೆ ಸುತ್ತು ಇಳಿಯುತ್ತದೆ, ಸುತ್ತು ಇಳಿದರೆ ಭಾರವೂ ಇಳಿಯುತ್ತದೆ. ತುಂಬಾ ಕ್ಷಮಾಗುಣದ ಯಂತ್ರ. ಹತ್ತನೇ ನಿಮಿಷದಲ್ಲೂ 72 ಸುತ್ತು ಉಳಿಸಿಕೊಳ್ಳುವುದೋ, 66ಕ್ಕೆ ಬಿಡುವುದೋ ಅನ್ನುವುದನ್ನು ಪ್ರತಿ ನಿಮಿಷವೂ ನಾನೇ ತೀರ್ಮಾನಿಸಬೇಕು. ಬೆಟ್ಟದ ರಸ್ತೆಯಲ್ಲೂ ಹಾಗೆಯೇ ಅಲ್ಲವಾ? ಅಲ್ಲಿ ನಿನ್ನನ್ನು ಯಾರು ಹಿಡಿದು ತುಳಿಸುತ್ತಾರೆ? ಪಾಠಪಟ್ಟಿಯಿಂದ ಕಲಿಯಬೇಕಾದ್ದು ಆ ಹಿಡಿತ ಅಂತ ನನಗೆ ಅನ್ನಿಸುತ್ತದೆ. ವಾರಕ್ಕೊಮ್ಮೆಯಾದರೂ ನೀನು ಆ ತಾನೇ ಬಿಗಿಯುವ ವ್ಯವಸ್ಥೆ ಆರಿಸಿ, ಪರದೆಗೆ ಟವೆಲ್ ಮುಚ್ಚಿ ತುಳಿದು ನೋಡು.

ಹಿಡಿತದ ಇನ್ನೊಂದು ಮುಖ ಶನಿವಾರದ್ದು, ಹಗುರಾಗಿ ತುಳಿಯುವುದು. ನಾಲ್ಕು ಜನರ ಎದುರಿಗೆ ಇದು ಗುರುವಾರಕ್ಕಿಂತ ಕಷ್ಟ. ಪಕ್ಕದಲ್ಲಿ ಇಂಜಿನಿಯರಿಂಗ್ ಹುಡುಗ ಬಂದು ನಿಂತರೆ ಕಾಲು ತಾನೇ ವೇಗ ಹಿಡಿಯುತ್ತದೆ. ಸ್ಟೀಫನ್ ಸೀಲರ್ ಅನ್ನುವ ವಿಜ್ಞಾನಿ ನಾರ್ವೆಯಲ್ಲಿ ಕೂತು ದೊಡ್ಡ ದೊಡ್ಡ ಕ್ರೀಡಾಪಟುಗಳ ಅಭ್ಯಾಸದ ಲೆಕ್ಕ ತೆಗೆದರೆ, ಹತ್ತಿರ ಹತ್ತಿರ ಶೇ 80 ಪಾಲು ಹಗುರಾದದ್ದೇ ಇತ್ತು. ವಾರಕ್ಕೆ ಮೂರು ಸಲ ಹತ್ತುವ ನನಗೆ ಆ ಪಾಲು ಅನ್ವಯಿಸುವುದಿಲ್ಲ, ಆದರೆ ಅದರ ಬುದ್ಧಿ ಅನ್ವಯಿಸುತ್ತದೆ. ಹಗುರಾದ ದಿನ ಅರ್ಧಂಬರ್ಧ ಗಟ್ಟಿ ಮಾಡಿದರೆ ಗಟ್ಟಿಯ ದಿನ ಅರ್ಧಂಬರ್ಧ ಹಗುರಾಗುತ್ತದೆ. ಶನಿವಾರದ ಒಂದು ಗಂಟೆಯನ್ನು ನಾನು ಬೆಳಗ್ಗೆ ಅರ್ಧ, ಸಂಜೆ ಅರ್ಧ ಮಾಡಿಕೊಂಡಿದ್ದೇನೆ. ಒಂದೇ ಉಸಿರಿನ ಗಂಟೆಯಷ್ಟು ಲಾಭ ಇದರಲ್ಲಿ ಇಲ್ಲ ಅಂತ ನೀನು ಹೇಳಬಹುದು. ಇರಲಿ, ಸಂಜೆಯ ಅರ್ಧದಲ್ಲಿ ಆಕಾಶವಾಣಿ ಕೇಳುತ್ತೇನೆ.

ಕ್ಯಾಲರಿ ಬಗ್ಗೆ ನಿನ್ನ ಭಾವ ಕೇಳಿದರು. ಪರದೆ ನನ್ನ ತೂಕವನ್ನೂ ಕೇಳದೆ ಏನೋ ಸಂಖ್ಯೆ ಕೊಡುತ್ತದೆ. ನಿಜವಾದ ವ್ಯಾಟ್ ಗೊತ್ತಿದ್ದರೆ ಲೆಕ್ಕ ಸುಲಭ: 100 ವ್ಯಾಟಿನಲ್ಲಿ ಒಂದು ಗಂಟೆ ಅಂದರೆ 360 ಕಿಲೋಜೌಲ್ ಕೆಲಸ. ಮೈ ತಿಂದದ್ದರಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಪೆಡಲಿಗೆ ಕೊಡುತ್ತದೆ, ಉಳಿದದ್ದು ಬಿಸಿ. ಒಂದು ಕಿಲೋಕ್ಯಾಲರಿ ಅಂದರೆ 4.184 ಕಿಲೋಜೌಲ್. ನಾಲ್ಕರಿಂದ ಗುಣಿಸಿ ನಾಲ್ಕೂ ಚಿಲ್ಲರೆಯಿಂದ ಭಾಗಿಸಿದ ಹಾಗಾಗಿ, ಖರ್ಚಾದದ್ದೂ 360 ಕಿಲೋಕ್ಯಾಲರಿಯ ಆಸುಪಾಸೇ. ಇದನ್ನು ಕೇಳಿ ಅವರು ಗಂಟೆಗೆ ಎಷ್ಟು ಮೈಸೂರು ಪಾಕು ಅಂತ ಲೆಕ್ಕ ಹಾಕೋಕೆ ಕೂತರು. ಅವರು ಇನ್ನೂ ಸೈಕಲ್ ಹತ್ತಿಲ್ಲ.

ಕೊನೆಗೆ ಬೆಟ್ಟ. ಜನವರಿಯಲ್ಲಿ ಬರುತ್ತೇನೆ, ಇಬ್ಬರೂ ಚಾಮುಂಡಿ ಬೆಟ್ಟ ತುಳಿಯೋಣ ಅಂದಿದ್ದೀಯ. ಮೆಟ್ಟಿಲಲ್ಲಿ ಎಷ್ಟೋ ಸಲ ಹತ್ತಿದ್ದೇವೆ, ಸೈಕಲ್ಲಿನಲ್ಲಿ ಒಟ್ಟಿಗೆ ಇದೇ ಮೊದಲು. ಊರಿನಿಂದ ತುದಿಗೆ ಏರಿಕೆ ಸುಮಾರು 300 ಮೀಟರ್. ನಾನೂ ಸೈಕಲ್ಲೂ ಸೇರಿ 75 ಕೆಜಿ ಅಂತಿಟ್ಟುಕೋ. ಗುರುತ್ವದ ವಿರುದ್ಧ ಎತ್ತುವುದಕ್ಕೇ 220 ಕಿಲೋಜೌಲ್ ಬೇಕು. 40 ನಿಮಿಷದಲ್ಲಿ ಹತ್ತಿದರೆ 92 ವ್ಯಾಟ್, ಗಾಳಿ ಮತ್ತು ಟೈರಿನ ತಿಕ್ಕಾಟ ಸೇರಿಸಿ ನೂರಕ್ಕೆ ಸ್ವಲ್ಪ ಮೇಲೆ. ಅರ್ಧ ಗಂಟೆಯಲ್ಲಿ ಅಂದರೆ ಎತ್ತುವುದಕ್ಕೇ 122. ನಮ್ಮ ಸೈಕಲ್ಲಿನ ಪರದೆಯ ವ್ಯಾಟ್ ನಿಜವೋ ಸುಳ್ಳೋ ಅವತ್ತು ಗೊತ್ತಾಗುತ್ತದೆ. ಬೆಟ್ಟ ಹತ್ತಲು ಹಿಡಿದ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿ ಅದರ ತಪ್ಪಿನ ಪ್ರಮಾಣ ಕಂಡುಹಿಡಿದು, ಜಿಮ್ಮಿನ ಗೋಡೆಗೆ ಅಂಟಿಸುವ ಆಸೆ ಇದೆ. ನೀನು ಟೂರ್ ಆಫ್ ನೀಲಗಿರೀಸ್ ಸೈಕಲ್ ಯಾತ್ರೆಯಲ್ಲಿ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿದವನು, ನಿನಗೆ ಇದು ಹಗುರದ ದಿನ. ಹಗುರಾಗಿಯೇ ಬಾ. ನಂದಿಯ ಹತ್ತಿರ ಹೋಗುವ ತಿರುವಿನಲ್ಲಿ ನಿಲ್ಲುವುದು ಬೇಡ, ನಿಂತರೆ ಲೆಕ್ಕ ಕೆಡುತ್ತದೆ. ನಂದಿಯನ್ನು ಇಳಿಯುವಾಗ ನೋಡೋಣ.

ಬ್ಯಾಂಕಿನ ಹುಡುಗಿಯೂ ಬರುತ್ತೇನೆ ಅಂದಿದ್ದಾಳೆ. ಅವಳಿಗೆ ಸೈಕಲ್ ಇಲ್ಲ. ನಿನ್ನ ಹಳೇ ಗೇರ್ ಸೈಕಲ್ಲು ಬೆಂಗಳೂರಿನಲ್ಲಿ ಸುಮ್ಮನೆ ನಿಂತಿದ್ದರೆ ಬರುವಾಗ ಕಾರಿನ ಮೇಲೆ ಕಟ್ಟಿಕೊಂಡು ಬಾ. ಸೀಟು ಏರಿಸುವ ಹಾಗಿರಬೇಕು. ಅಮ್ಮ ನಿನಗೆ ಹುಣಸೆ ತೊಕ್ಕು ಮಾಡಿಟ್ಟಿದ್ದಾರೆ, ಡಬ್ಬಿ ತರಲು ಮರೆಯಬೇಡ, ಕಳೆದ ಸಲದ್ದು ಎರಡೂ ಅಲ್ಲೇ ಉಳಿದಿವೆ.

ಮುಂದಿನ ನಾಲ್ಕು ವಾರದ ಪಟ್ಟಿ ಬರೆಯುವಾಗ ಪ್ರತಿ ಪಾಠವೂ 30 ನಿಮಿಷದೊಳಗೆ ಮುಗಿಯಬೇಕು, ಸೈಕಲ್ಲಿನ ಮೇಲಿನದು ಮಾತ್ರ ಲೆಕ್ಕ. ಗುರುವಾರದ್ದು ಇಬ್ಬರು ಸರದಿಯಲ್ಲಿ ಮಾಡುವಂತೆ ಗಟ್ಟಿಯೂ ಹಗುರವೂ ಸಮಸಮ ಇರಲಿ. ಮತ್ತೆ ಬುಧವಾರ ಏನೂ ಹಾಕಬೇಡ, ಅವತ್ತು ಜಿಮ್ ತೊಳೆಯುತ್ತಾರೆ.

ಇಂತಿ,
ನಿನ್ನ ಅಕ್ಕ